ಅಪ್ಪನ ಸಂಜೆಗಳು, ಕಾಡಿನ ತರಬೇತಿ

ನಾನು ಅತಿಥಿ ಉಪನ್ಯಾಸಕಿಯಾಗಿ ಸಸ್ಯಶಾಸ್ತ್ರ ಕಲಿಸುವ ಹುಮನಾಬಾದಿನ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಫೆಬ್ರುವರಿಯ ಒಂದು ಬೆಳಿಗ್ಗೆ ಹಸಿರು ಬಣ್ಣದ ಪೋಸ್ಟರೊಂದು ಕಾಣಿಸಿಕೊಂಡಿತು. ಕಾಡಿನಲ್ಲಿ ಬದುಕುಳಿಯುವ ತರಬೇತಿ. ಬೇಸಿಗೆ ರಜೆಯಲ್ಲಿ, ಪಶ್ಚಿಮ ಘಟ್ಟದ ಒಂದು ಕಾಡಿನಲ್ಲಿ, ಹನ್ನೆರಡು ದಿನ. ನೀರು ಹುಡುಕುವುದು, ಒದ್ದೆ ಕಟ್ಟಿಗೆಯಿಂದ ಬೆಂಕಿ ಮಾಡುವುದು, ದಿಕ್ಕು ಗುರುತಿಸುವುದು, ದಾರಿ ತಪ್ಪಿದವರನ್ನು ಹುಡುಕುವುದು. ಕೊನೆಗೆ ಒಂದು ರಾತ್ರಿ, ಒಬ್ಬರಿಗೊಬ್ಬರು ಕಾಣದಷ್ಟು ದೂರದಲ್ಲಿ, ಪ್ರತಿಯೊಬ್ಬರೂ ಒಂಟಿಯಾಗಿರಬೇಕು. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಮೊಬೈಲುಗಳನ್ನು ಮೊದಲ ದಿನವೇ ಒಪ್ಪಿಸಬೇಕು, ಕೊನೆಯ ದಿನ ಮರಳಿ ಕೊಡಲಾಗುವುದು.

ನಾನು ಮತ್ತೆ ಮತ್ತೆ ಓದಿದ್ದು ಆ ಸಣ್ಣ ಅಕ್ಷರದ ಸಾಲನ್ನು.

ವಿದ್ಯಾರ್ಥಿಗಳ ನಿಸರ್ಗ ಬಳಗವನ್ನು ನೋಡಿಕೊಳ್ಳಲು ಉಪನ್ಯಾಸಕರೊಬ್ಬರು ಈ ತರಬೇತಿ ಪಡೆದಿರಬೇಕಾಗಿತ್ತು. ಖರ್ಚು ಕಾಲೇಜಿನದೇ. ಪ್ರಾಂಶುಪಾಲರು ಸ್ಟಾಫ್ ರೂಮಿಗೆ ಬಂದು ನನ್ನನ್ನೇ ನೋಡಿದರು.

"ಮೇಡಂ, ನೀವೇ ಹೋಗ್ರಿ. ನಿಮಗ ಗಿಡಾ ಗೊತ್ತವ, ಮಾತು ಮೊದಲೇ ಕಮ್ಮಿ. ಕಾಡಿಗಿ ಬರಾಬರ್ ಆಗ್ತೀರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರ್ಚ್ ಮುಗಿಯುವುದರೊಳಗೆ ಹೇಳುತ್ತೇನೆ ಎಂದೆ. ಹೋಗಬೇಕೆಂದು ಒಳಗೆ ಆಗಲೇ ನಿರ್ಧಾರವಾಗಿತ್ತು. ಹೋಗಲು ಆಗುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಅದು ಬಸವಕಲ್ಯಾಣದ ನಮ್ಮ ಬಾಡಿಗೆ ಮನೆಯಲ್ಲಿ, ಮಧ್ಯಾಹ್ನ ಮೂರರ ಬಿಸಿಲಿಗೆ ಎದ್ದು ಕೂರುವ ಅಪ್ಪನ ಪ್ರಶ್ನೆ.

ಅಪ್ಪ ಬದುಕಿಡೀ ಕುರಿ ಕಾಯ್ದವನು. ಮುಡಬಿ ಕಡೆಯ ಹಳ್ಳಿ ನಮ್ಮದು. ಬೇಸಿಗೆಯಲ್ಲಿ ಬಿತ್ತನೆಯಿಲ್ಲದೆ ಬಿದ್ದಿರುವ ಹೊಲಗಳಲ್ಲಿ ಕುರಿ ಕೂರಿಸುವುದು ನಮ್ಮ ಕಡೆಯ ರೂಢಿ. ರೈತರು ಕರೆಯುತ್ತಾರೆ, ಹಿಂಡು ರಾತ್ರಿಯಿಡೀ ಆ ಹೊಲದಲ್ಲಿ ಕೂರುತ್ತದೆ, ಬೆಳಗಾಗುವಷ್ಟರಲ್ಲಿ ಮಣ್ಣಿಗೆ ಗೊಬ್ಬರ ಬಿದ್ದಿರುತ್ತದೆ. ಅದಕ್ಕೆ ಬದಲಾಗಿ ಕುರಿಗಾರನಿಗೆ ಊಟ, ಹೊರಡುವಾಗ ಒಂದಿಷ್ಟು ಜೋಳ. ಒಮ್ಮೆ ಕೂತ ಹಿಂಡನ್ನು ಬೆಳಗಿಗಿಂತ ಮುಂಚೆ ಯಾರೂ ಎಬ್ಬಿಸುವಂತಿಲ್ಲ. ಎಬ್ಬಿಸಿದರೆ ಆ ಹೊಲಕ್ಕೆ ಒಳ್ಳೆಯದಲ್ಲ ಎಂದು ನಂಬುತ್ತಾರೆ.

ಅಪ್ಪನಿಗೆ ಮರೆವು ಶುರುವಾದದ್ದು ಕುರಿಗಳಿಂದಲೇ ಗೊತ್ತಾಯಿತು. ಬೇರೆಯವರ ಕುರಿಗಳನ್ನು ತನ್ನವೆಂದು ಹೊಡೆದುಕೊಂಡು ಬಂದ, ತನ್ನವನ್ನು ಹಳ್ಳದ ಆಚೆ ಬಿಟ್ಟು ಬಂದ. ಜಗಳಗಳಾದವು. ಕುರಿಗಳನ್ನೆಲ್ಲ ಮಾರಿ, ಅಣ್ಣನ ಕಾರ್ಖಾನೆ ಕೆಲಸಕ್ಕೂ ನನ್ನ ಕಾಲೇಜಿಗೂ ಅನುಕೂಲವಾಗಲೆಂದು ನಾವು ಬಸವಕಲ್ಯಾಣಕ್ಕೆ ಬಂದೆವು. ಆದರೆ ಅಪ್ಪನಿಗೆ ಮಾರಿದ್ದು ನೆನಪಿಲ್ಲ. ಬೆಳಿಗ್ಗೆಯೆಲ್ಲ ಗೋಡೆಗೆ ಒರಗಿ ಸುಮ್ಮನಿರುತ್ತಾನೆ. ಬಿಸಿಲು ವಾಲುತ್ತಿದ್ದಂತೆ ಎದ್ದು ಕೋಲು ಹುಡುಕುತ್ತಾನೆ. ಹಿಂಡನ್ನು ತಿರುಗಿಸುವ ಹೊತ್ತು ಅದು. ನನ್ನ ಕ್ಲಾಸುಗಳು ಒಂದೂವರೆಗೆ ಮುಗಿಯುತ್ತಿದ್ದುದರಿಂದ ಅಷ್ಟರೊಳಗೆ ನಾನು ಮನೆ ಸೇರಿರುತ್ತಿದ್ದೆ. ಅವನ ಹಿಂದೆ ಹೋಗುವುದು, ಕತ್ತಲಾಗುವ ಮುಂಚೆ ಏನಾದರೂ ಹೇಳಿ ಕರೆತರುವುದು ನನ್ನ ಪಾಲಿಗೆ ಬಂದಿತ್ತು. ಅವ್ವನಿಗೆ ಮೊಣಕಾಲು ನೋವು. ಅವಳಿಂದ ಓಡಲು ಆಗುವುದಿಲ್ಲ.

ಒಮ್ಮೆ ಮಾತ್ರ, ನಾನು ಪರೀಕ್ಷೆಯ ಕೆಲಸಕ್ಕೆ ಹುಮನಾಬಾದಿನಲ್ಲೇ ಉಳಿದಿದ್ದ ದಿನ, ಅಪ್ಪ ಯಾವುದೋ ಟಂಟಂ ಆಟೋ ಹತ್ತಿ ಕೊಹಿನೂರ ಹಳ್ಳಿಯವರೆಗೆ ಹೋಗಿಬಿಟ್ಟಿದ್ದ. ಅವನು ವರ್ಷವರ್ಷವೂ ಕುರಿ ಕೂರಿಸುತ್ತಿದ್ದ ಅಲ್ಲಿಯ ಹೊಲದ ಮನೆಯವರು ಅಣ್ಣನಿಗೆ ಫೋನ್ ಮಾಡಿದರು. ನಾವಿಬ್ಬರೂ ಮುಟ್ಟಿದಾಗ ಸಂಜೆಯಾಗಿತ್ತು. ತೊಗರಿ ಕೊಯ್ದ ಖಾಲಿ ಹೊಲದ ನಡುವೆ ಅಪ್ಪ ಕಂಬಳಿ ಹೊದ್ದು ಕೂತಿದ್ದ. ಕಂಬಳಿ ಅವನದಲ್ಲ, ಆ ಮನೆಯವರದು. ಮುಂದೆ ರೊಟ್ಟಿ ತಿಂದ ತಟ್ಟೆ.

ಅಣ್ಣ ಹೊಲಕ್ಕೆ ಕಾಲಿಡುತ್ತಿದ್ದಂತೆ ಆ ಮನೆಯ ಹೆಂಗಸು ಅಡ್ಡ ಬಂದಳು.

"ಎಬ್ಬಸಬ್ಯಾಡಪಾ. ಹಿಂಡ ಕುಂತದ. ಮುಂಜಾನಿ ಬಂದು ಕರ್ಕೊಂಡ್ ಹೋಗ್ರಿ."

"ಹಿಂಡ ಎಲ್ಲದ ಅಕ್ಕಾ? ಒಂದ್ ಕುರಿ ತೋರ್ಸು ನೋಡೋಣ."

"ನಿನಗ ಕಾಣಂಗಿಲ್ಲ. ಅವಗ ಕಾಣ್ತದ."

"ಹಂಗಾದ್ರ ನಾಳಿ ಮುಂಜಾನಿ ಹಿಕ್ಕಿನೂ ಬಿದ್ದಿರ್ತದೇನು ನಿಮ್ ಹೊಲದಾಗ?"

"ಇಷ್ಟ್ ವರ್ಷ ಬಿದ್ದದ್ದು ಸಾಲದೇನು? ಹೋಗ್, ಭಾಳ್ ಶಾಣ್ಯಾ ಬಂದಾನ."

ಅಣ್ಣ ಬೈಕಿನ ಮೇಲೆ ದಾರಿಯುದ್ದಕ್ಕೂ ಗೊಣಗುತ್ತ ಬಂದ. ಬೆಳಿಗ್ಗೆ ಹೋಗಿ ಕರೆತಂದೆವು. ಅಪ್ಪನ ಟವೆಲ್ಲಿನ ತುದಿಯಲ್ಲಿ ಜೋಳ ಕಟ್ಟಿತ್ತು. ಅವನು ತುಂಬ ಸಂತೋಷದಲ್ಲಿದ್ದ. ಆ ಸಂತೋಷ ನನಗೆ ಹಿಡಿಸಲಿಲ್ಲ. ಅದರ ಹಿಂದೆ ನಾನು ಓಡಬೇಕಾದ ಸಂಜೆಗಳು ಇನ್ನೆಷ್ಟಿವೆ ಎಂದಷ್ಟೇ ನನಗೆ ಕಂಡಿತು.

ಪೋಸ್ಟರಿನ ವಿಷಯ ಮನೆಯಲ್ಲಿ ಹೇಳಲು ನನಗೆ ಎರಡು ವಾರ ಹಿಡಿಯಿತು. ಊಟಕ್ಕೆ ಕೂತಾಗ, ತಟ್ಟೆ ನೋಡುತ್ತ ಹೇಳಿದೆ.

ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಕಾಡಿನಾಗ ಹ್ಯಾಂಗ ಇರಬೇಕಂತ ಕಲೀಲಾಕ ಹೊಂಟೀಯೇನು? ನಮ್ಮಪ್ಪ ಜಲ್ಮಾನೇ ಅಡವ್ಯಾಗ ಕಳದಾನ. ಮೇಡಂ ಅವರಿಗಿ ಸರ್ಟಿಫಿಕೇಟ್ ಬೇಕಂತ!"

"ಕಾಲೇಜಿನವರು ಹೇಳ್ಯಾರ," ಎಂದೆ.

"ಹಾವ್ ಕಡದ್ರ?" ಅವ್ವ ಕೇಳಿದಳು.

"ಅದನ್ನೂ ಕಲಸ್ತಾರ."

"ಕಡಸ್ಕೊಳ್ಳೋದೇನು?" ಎಂದ ಅಣ್ಣ. ಅವ್ವ ಅವನ ತೋಳಿಗೆ ಹೊಡೆದಳು. ಅಪ್ಪ ನಮ್ಮ ನಗುವನ್ನು ನೋಡಿ ತಾನೂ ನಕ್ಕ.

ಆಮೇಲೆ ಅಣ್ಣ ಗಂಭೀರನಾದ. ಅವನು ಕೆಟ್ಟವನಲ್ಲ. ಶಿಫ್ಟ್ ಕೆಲಸ ಅವನದು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಅವನ ಕಣ್ಣುಗಳು ಯಾವಾಗಲೂ ಕೆಂಪಗಿರುತ್ತವೆ. "ಹೋಗಬ್ಯಾಡ ಅನ್ನಂಗಿಲ್ಲ ನಾ. ಆದರ ಅಷ್ಟ್ ದಿನ ಸಂಜೀಕ ಅಪ್ಪನ ಹಿಂದ ಯಾರ್ ಓಡ್ಯಾಡೋರು? ಅವ್ವನ ಕೈಲಿ ಆಗಂಗಿಲ್ಲ. ಹಿಂದಿನ ಖೋಲಿಗಿ ಹೊರಗಿಂದ ಒಂದ್ ಚಿಲಕ ಹಾಕ್ತೀನಿ. ಮೂರರಿಂದ ಕತ್ತಲಾಗೋತನಕ ಅಷ್ಟೇ."

ಅವ್ವ ಚಿಲಕಕ್ಕೆ ಒಪ್ಪಲಿಲ್ಲ. ಬೇರೆ ಉಪಾಯ ಅವಳ ಬಳಿ ಇತ್ತು. ಹಳ್ಳಿಯಲ್ಲಿರುವ ತನ್ನ ತಮ್ಮನಿಗೆ ಫೋನ್ ಮಾಡಿ ಒಂದು ಕುರಿಮರಿ ತರಿಸಿದಳು. ಕಣ್ಣ ಮುಂದೆ ಒಂದು ಮರಿ ಇದ್ದರೆ ಅಪ್ಪ ಮನೆಯಲ್ಲೇ ಕೂರುತ್ತಾನೆ, ಅದನ್ನು ಬಿಟ್ಟು ಎಲ್ಲಿಗೆ ಹೋಗುತ್ತಾನೆ ಎನ್ನುವುದು ಅವಳ ಲೆಕ್ಕ. ನನಗೂ ಅದು ಸರಿ ಎನಿಸಿತು. ಕುರಿಗಾರರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವ ಉಪಾಯ, ಅವರೇ ಮಾಡಬಹುದಾದ ತಪ್ಪು ಕೂಡ. ಹಿಂಡಿಲ್ಲದ ಒಂಟಿ ಮರಿ ಎಂದರೆ ಕುರಿಗಾರನ ಕಣ್ಣಿಗೆ ತಪ್ಪಿಸಿಕೊಂಡ ಮರಿ. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೊದಲ ದಿನ ಅಪ್ಪ ಮರಿಯ ಕಿವಿ ನೋಡಿದ, ಗುರುತು ಹುಡುಕಿದ, ಬಾಯಿ ತೆರೆಸಿ ಹಲ್ಲು ನೋಡಿದ. "ಯಾರ್ದಿದು?" ಎಂದು ಕೇಳಿದ.

"ನಿಮ್ದೇ," ಎಂದಳು ಅವ್ವ.

"ನಮ್ದಲ್ಲ. ನಮ್ ಗುರ್ತಿಲ್ಲ ಇದಕ."

ಮರುದಿನ ಅವನು ಬಿಸಿಲು ಇಳಿಯುವವರೆಗೂ ಕಾಯಲಿಲ್ಲ. ಬೆಳಿಗ್ಗೆಯೇ, ನಾನು ಕಾಲೇಜಿನಲ್ಲಿದ್ದಾಗ, ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟ. ಮನೆಮನೆಯ ಮುಂದೆ ನಿಂತು, ಮರಿ ಯಾರದು ಎಂದು ಕೇಳುತ್ತ ಊರು ದಾಟಿ, ಬಂಗ್ಲಾ ಎಂದು ನಾವು ಕರೆಯುವ ಹೆದ್ದಾರಿಯ ಕೂಡುರಸ್ತೆಯವರೆಗೆ ನಡೆದುಬಿಟ್ಟಿದ್ದ. ನಾನು ಅವತ್ತು ಹುಮನಾಬಾದಿನಿಂದ ಮರಳಿ ಬರುತ್ತಿದ್ದ ಬಸ್ಸು ಅಲ್ಲಿ ನಿಂತಿತು. ಮುಂದೆ ಲಾರಿಗಳ ಸಾಲು, ಹಾರ್ನ್, ಬೈಗುಳ. ಜನ ಕಿಟಕಿಯಿಂದ ತಲೆ ಹೊರಹಾಕಿದರು.

"ಯಾರೋ ಮುದುಕ ರಸ್ತಾದ ಮ್ಯಾಲ ನಿಂತಾನ್ರಿ. ಕುರಿ ಹೊತ್ಕೊಂಡ್."

"ಎತ್ತಿ ಈ ಕಡಿ ಒಗೀರಿ ಅವನ್ನ!"

ನಾನು ಇಳಿದೆ. ಅಪ್ಪ ಎರಡು ಲಾರಿಗಳ ನಡುವೆ ನಿಂತು, ಒಬ್ಬ ಡ್ರೈವರನಿಗೆ ಮರಿಯ ಕಿವಿಯನ್ನು ತೋರಿಸುತ್ತಿದ್ದ. ನಾನು ಕೈ ಹಿಡಿದಾಗ ತಿರುಗಿ ನೋಡಿ, "ಇದರ ತಾಯಿ ಒದರಾಕತ್ತಿರ್ತದ. ಮುಟ್ಟಸ್ಬೇಕು," ಎಂದ. ಬಸ್ಸಿನಲ್ಲಿ ನನ್ನ ಇಬ್ಬರು ವಿದ್ಯಾರ್ಥಿನಿಯರಿದ್ದರು. ಅವರು ನನ್ನನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿಕೊಂಡರು. ಆ ಸೌಜನ್ಯ ನನ್ನನ್ನು ನಾಚಿಸಿತು.

ಮರಿಯನ್ನು ವಾಪಸು ಕಳಿಸಿದೆವು. ಭಾನುವಾರ ಅಣ್ಣ ಡ್ರಿಲ್ ತಂದು ಹಿಂದಿನ ಕೋಣೆಗೆ ಚಿಲಕ ಹಾಕಿದ. ಅವ್ವ ಈ ಸಲ ತಡೆಯಲಿಲ್ಲ.

"ಇವತ್ತೇ ನೋಡಿಬಿಡೋಣ," ಎಂದ ಅಣ್ಣ ನನಗೆ. "ನೀ ಮನ್ಯಾಗ ಇದ್ದೂ ಇಲ್ಲದಂಗ ಇರು. ಕಾಡಿಗಿ ಹೋಗೀದಿ ಅಂತ ತಿಳ್ಕೋ. ಅಪ್ಪ ಕರದ್ರ ಹೋಗಬ್ಯಾಡ."

ನಾನು ಮುಂದಿನ ಕೋಣೆಯಲ್ಲಿ ಉತ್ತರ ಪತ್ರಿಕೆಗಳನ್ನು ಹಿಡಿದು ಕೂತೆ. ಅಣ್ಣ ಅಪ್ಪನನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಚಿಲಕ ಹಾಕಿದ್ದ. ಮೂರಕ್ಕೆ ಅಪ್ಪ ಎದ್ದ ಸದ್ದು ಕೇಳಿತು. ಬಾಗಿಲನ್ನು ಎಳೆದ, ತಳ್ಳಿದ. ಆಮೇಲೆ ನಾಲಿಗೆಯಿಂದ ಕುರಿಗಳನ್ನು ಕರೆಯುವ ಸದ್ದು ಮಾಡತೊಡಗಿದ. ಸಣ್ಣವಳಿದ್ದಾಗ ಆ ಸದ್ದಿಗೆ ನಾನೂ ಓಡಿ ಬರುತ್ತಿದ್ದೆನಂತೆ, ಅವ್ವ ಹೇಳುತ್ತಾಳೆ. ಬಹಳ ಹೊತ್ತು ಹಾಗೆ ಕರೆದ. ಕುರಿಗಳು ಬರದಿದ್ದಾಗ ನಿಲ್ಲಿಸಿದ. ಆಮೇಲೆ ಬಾಗಿಲನ್ನು ಮೆಲ್ಲಗೆ ತಟ್ಟಿ, ಬೇರೆಯೇ ದನಿಯಲ್ಲಿ ಮಾತಾಡಿದ.

"ಸಾಹೇಬ್ರ. ಸಾಹೇಬ್ರ, ತಪ್ಪಾಯ್ತ್ರಿ. ನಮ್ ಕುರಿ ಯಾರ್ ಬೆಳಿಗೂ ಬಾಯಿ ಹಾಕಿಲ್ರಿ. ಬಿಟ್ಟುಬಿಡ್ರಿ ಸಾಹೇಬ್ರ."

ಯಾರೊಂದಿಗೆ ಮಾತಾಡುತ್ತಿದ್ದಾನೆಂದು ನನಗೆ ತಕ್ಷಣ ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತು. "ಕೊಂಡವಾಡ ಅನ್ಕೊಂಡಾನ," ಎಂದಳು. ಬೆಳೆ ಮೇಯ್ದ ದನ ಕುರಿಗಳನ್ನು ಹಿಡಿದು ಕೂಡಿಹಾಕುವ ಸರ್ಕಾರಿ ದೊಡ್ಡಿಗೆ ನಮ್ಮಲ್ಲಿ ಕೊಂಡವಾಡ ಎನ್ನುತ್ತಾರೆ. ಹಿಂದೆ ಎಂದೋ ಅವನ ಕುರಿಗಳು ಅಲ್ಲಿ ಸಿಕ್ಕಿಬಿದ್ದಿದ್ದಿರಬೇಕು. ಈಗ ಒಳಗಿರುವುದು ತಾನೋ ಕುರಿಗಳೋ ಎಂಬುದು ಅವನಿಗೆ ಸ್ಪಷ್ಟವಿರಲಿಲ್ಲ. ಹೊರಗೆ ಯಾರೋ ಸಾಹೇಬರಿದ್ದಾರೆ ಎನ್ನುವುದಷ್ಟೇ ಸ್ಪಷ್ಟವಿತ್ತು. ಹೊರಗಿದ್ದವಳು ನಾನು.

ಸ್ವಲ್ಪ ಹೊತ್ತಿಗೆ ಒಳಗೆ ಎಲ್ಲ ಸದ್ದೂ ನಿಂತಿತು.

"ನೋಡು," ಎಂದ ಅಣ್ಣ. ಡ್ರಿಲ್ಲಿನ ವೈರನ್ನು ಬಿಚ್ಚಿ ಮತ್ತೆ ಸುತ್ತಿದ. "ಸುಮ್ನಾದ. ನಾಕ್ ದಿನದಾಗ ರೂಢಿ ಆಗ್ತದ."

ಅವನು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ನನ್ನನ್ನು ಹೆದರಿಸಿದ್ದು ಅದೇ. ಅಪ್ಪ ಕೂಗಿಕೊಂಡಿದ್ದರೆ, ಬಾಗಿಲು ಮುರಿಯಲು ನೋಡಿದ್ದರೆ ನಾನು ಅವನ ಮೇಲೆ ಸಿಟ್ಟಾಗಿ, ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿಬಿಡುತ್ತಿದ್ದೆನೇನೋ. ಅವನು ಹನ್ನೆರಡು ದಿನಗಳಲ್ಲಿ ರೂಢಿ ಮಾಡಿಕೊಳ್ಳುತ್ತಾನೆ. ನಾನು ಬರುವಷ್ಟರಲ್ಲಿ ಮೂರು ಗಂಟೆಗೆ ಏಳುವುದನ್ನೇ ಬಿಟ್ಟಿರುತ್ತಾನೆ.

ಕತ್ತಲಾಗುವ ಮುಂಚೆ ಅವ್ವ ಚಿಲಕ ತೆಗೆದಳು. ಅಪ್ಪ ಹೊರಬಂದು ನನ್ನನ್ನು ಕಂಡು, ಬಲಗೈಯನ್ನು ಹಣೆಗೆ ಮುಟ್ಟಿಸಿ ಸಲಾಂ ಮಾಡಿದ. ಆಮೇಲೆ ಗೋಡೆ ಪಕ್ಕದ ತನ್ನ ಜಾಗದಲ್ಲಿ ಕೂತು ರೊಟ್ಟಿ ಕೇಳಿದ.

"ನೀ ಹೋಗಿ ಬಾ," ಎಂದಳು ಅವ್ವ ಅವತ್ತು ಪಾತ್ರೆ ತೊಳೆಯುವಾಗ, ಬೆನ್ನು ನನ್ನ ಕಡೆ ಮಾಡಿ. "ಎಲ್ಲಾ ಬಿಟ್ಟು ನೀನೂ ಹಿಂಗೇ ಕುಂತ್ರ ಹ್ಯಾಂಗ? ನಾ ನೋಡ್ಕೋತೀನಿ."

ಆ ವಾರವೆಲ್ಲ ಹುಮನಾಬಾದಿಗೆ ಹೋಗಿ ಬರುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ತರಬೇತಿಯಲ್ಲಿ ದಾರಿ ತಪ್ಪಿದವರನ್ನು ಹುಡುಕಲು ಕಲಿಸುತ್ತಾರೆ, ಅದು ಮುಂದೆ ಅಪ್ಪನಿಗೇ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ನಾನೇ ಒಂದು ಕಾರಣ ಕೊಟ್ಟು ನೋಡಿದೆ. ಅದು ನಿಲ್ಲಲಿಲ್ಲ. ನನಗೆ ಬೇಕಾಗಿದ್ದದ್ದು ಅವನನ್ನು ಹುಡುಕುವ ವಿದ್ಯೆಯಲ್ಲ. ಫೋನಿಲ್ಲದ ಹನ್ನೆರಡು ದಿನ ಬೇಕಾಗಿತ್ತು. ಮರಗಳ ನಡುವೆ, ಯಾರ ಹೆಜ್ಜೆಯನ್ನೂ ಹಿಂಬಾಲಿಸದೆ, ನನ್ನದೇ ಉಸಿರು ಕೇಳಿಸಿಕೊಂಡು ಕೂರುವ ಆ ಒಂದು ರಾತ್ರಿ ಬೇಕಾಗಿತ್ತು. ಬೇರೆ ಯಾವುದನ್ನೂ ನಾನು ಇಷ್ಟು ನಿಖರವಾಗಿ ಬಯಸಿದ ನೆನಪಿಲ್ಲ. ಆದರೆ ಆ ರಾತ್ರಿಯನ್ನು ಕಲ್ಪಿಸಿಕೊಂಡಾಗಲೆಲ್ಲ, ಕತ್ತಲಲ್ಲಿ ಯಾರೋ ಮೆಲ್ಲಗೆ ಬಾಗಿಲು ತಟ್ಟಿ "ಸಾಹೇಬ್ರ" ಎನ್ನುತ್ತಿದ್ದರು.

ಮಾರ್ಚ್ ಕೊನೆಗೆ ತರಬೇತಿಯವರು ಫೋನ್ ಮಾಡಿದರು. ದಕ್ಷಿಣದ ಕಡೆಯ, ಲವಲವಿಕೆಯ ಹುಡುಗನ ದನಿ.

"ಮೇಡಂ, ಕನ್ಫರ್ಮ್ ಮಾಡ್ಕೊಳ್ಳಾ?"

"ಬರಲಿಕ್ಕೆ ಆಗುವುದಿಲ್ಲ."

"ಯಾಕ್ ಮೇಡಂ? ಭಯನಾ? ಮೊದ್ಲು ಎಲ್ರಿಗೂ ಆಗತ್ತೆ. ಹಾವು, ಜಿಗಣೆ ಏನೂ ಮಾಡಲ್ಲ. ನಾವಿರ್ತೀವಲ್ಲ."

ನಿಜ ಹೇಳಬೇಕಾದರೆ ಅಪ್ಪನ ಬಗ್ಗೆ ಹೇಳಬೇಕಿತ್ತು. ಆಮೇಲೆ ಚಿಲಕದ ಬಗ್ಗೆ. "ನನ್ನ ಮದುವೆ ಗೊತ್ತಾಗಿದೆ," ಎಂದೆ.

"ಓಹೋ! ಕಂಗ್ರಾಜುಲೇಷನ್ಸ್ ಮೇಡಂ! ಮೊದ್ಲೇ ಹೇಳ್ಬಾರ್ದಾ? ಮದ್ವೆ ಆದ್ಮೇಲೆ ಯಜಮಾನ್ರನ್ನೂ ಕರ್ಕೊಂಡ್ ಬನ್ನಿ, ಜೋಡಿಗಳಿಗೆ ಬೇರೆ ಬ್ಯಾಚ್ ಇದೆ."

ಅದಕ್ಕಿಂತ ಸುಲಭವಾಗಿ ಯಾರೂ ನನ್ನ ಮಾತನ್ನು ಒಪ್ಪಿಕೊಂಡಿರಲಿಲ್ಲ. ಸುದ್ದಿ ಅಲ್ಲಿಂದ ಪ್ರಾಂಶುಪಾಲರಿಗೆ, ಅವರಿಂದ ಸ್ಟಾಫ್ ರೂಮಿಗೆ ಬಂತು. "ಹುಡುಗ ಎಲ್ಲ್ಯಾಂವ್ರಿ? ಪೇಢೆ ಎಲ್ಲದಾವ್ರಿ?" ಎಂದು ಒಂದು ವಾರ ಕೇಳಿದರು. ನಾನು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ನಡೆಯುತ್ತಿದ್ದೆ. ಕೆಲ ದಿನಗಳ ನಂತರ ತಾವಾಗಿಯೇ ನಿಲ್ಲಿಸಿದರು. ಮದುವೆ ಮುರಿದುಬಿದ್ದಿದೆ ಎಂದುಕೊಂಡಿರಬೇಕು. ನನ್ನೊಂದಿಗೆ ಮಾತಾಡುವಾಗ ಅವರ ದನಿ ಮೆತ್ತಗಾಯಿತು. ತರಬೇತಿಗೆ ಭೌತಶಾಸ್ತ್ರದ ಉಪನ್ಯಾಸಕರೊಬ್ಬರು ಹೋದರು.

ಆ ಬೇಸಿಗೆ ರಜೆಯಿಡೀ ನಾನು ಅಪ್ಪನ ಹಿಂದೆ ನಡೆದೆ. ತಡೆಯಲಿಲ್ಲ, ಮಾತಾಡಿಸಲಿಲ್ಲ. ಅವನು ಕೋಲನ್ನು ಹೆಗಲ ಮೇಲೆ ಅಡ್ಡಕ್ಕೆ ಇಟ್ಟು, ಎರಡೂ ಕೈಗಳನ್ನು ಅದರ ಮೇಲೆ ಇಳಿಬಿಟ್ಟು ನಡೆಯುತ್ತಿದ್ದ. ಊರ ಹೊರಗೆ ಹೊಲಗಳನ್ನು ಪ್ಲಾಟುಗಳನ್ನಾಗಿ ಕತ್ತರಿಸಿ ಕಲ್ಲು ನೆಟ್ಟ ಕಡೆ ಅವನ ಹಿಂಡು ಹೆಚ್ಚಾಗಿ ಕೂರುತ್ತಿತ್ತು. ಅಲ್ಲಿ ರೊಟ್ಟಿ ಕೊಡುವವರು ಯಾರೂ ಇರಲಿಲ್ಲ. ಒಂದು ದಿನ ಕಾವಲಿನವನು ಬಂದು ವಿಚಾರಿಸಿದ.

"ಪ್ಲಾಟ್ ನೋಡಾಕ ಬಂದೀರೇನ್ರಿ?"

"ಹೌದ್ರಿ," ಎಂದೆ.

"ಮುದುಕರಿಗಿ ಪಸಂದ್ ಆದಂಗ ಕಾಣ್ತದ. ಕಾರ್ನರ್ ಪ್ಲಾಟೇ ಹಿಡದಾರ."

ತರಬೇತಿ ನಡೆಯುತ್ತಿದ್ದ ದಿನಗಳಲ್ಲಿ ನಾನು ತುಂಬ ಕೆಟ್ಟ ಮನಸ್ಸಿನಲ್ಲಿದ್ದೆ. ಅಪ್ಪನ ಬೆನ್ನನ್ನು ನೋಡುತ್ತ ನಡೆಯುವಾಗ, ಇವನು ಒಮ್ಮೆಯಾದರೂ ತಿರುಗಿ ನೋಡಬಾರದೇ ಎನಿಸುತ್ತಿತ್ತು. ಅವನು ತಿರುಗಿದ್ದು ಒಮ್ಮೆ ಮಾತ್ರ. ಹಿಂದುಳಿದ ಕುರಿಗಳಿವೆಯೇ ಎಂದು ನೋಡಿದ. ಅವನ ಕಣ್ಣು ನನ್ನ ಮೇಲೆ ನಿಲ್ಲದೆ ದಾಟಿಹೋಯಿತು.

ಜೂನ್‌ನಲ್ಲಿ ಕಾಲೇಜು ಶುರುವಾಯಿತು. ಹೊಸ ವೇಳಾಪಟ್ಟಿಯಲ್ಲಿ ನನಗೆ ಮಧ್ಯಾಹ್ನದ ಪ್ರಾಯೋಗಿಕ ತರಗತಿಗಳು ಬಂದವು. ಬದಲಿಸಿಕೊಡಿ ಎಂದು ಕೇಳಿದೆ, ಆಗಲಿಲ್ಲ. ಅತಿಥಿ ಉಪನ್ಯಾಸಕರು ಹೆಚ್ಚು ಕೇಳುವಂತಿಲ್ಲ. ಈಗ ಮನೆ ಮುಟ್ಟುವಾಗ ಆರು ಗಂಟೆಯಾಗಿರುತ್ತದೆ. ಆ ಹೊತ್ತಿಗೆ ಅಪ್ಪ ಗೋಡೆ ಪಕ್ಕದ ತನ್ನ ಜಾಗದಲ್ಲಿ ಕೂತಿರುತ್ತಾನೆ.

"ಇವತ್ತ ಹೊರಗೇ ಹೋಗಲಿಲ್ಲ ನೋಡು," ಎಂದಳು ಅವ್ವ ಮೊದಲ ದಿನ. "ಮಳಿ ಮೋಡಕ್ಕ ಇರಬೇಕು." ಎರಡನೆಯ ದಿನವೂ ಅದನ್ನೇ ಹೇಳಿದಳು. ಮೂರನೆಯ ದಿನದಿಂದ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಕಳೆದ ವಾರ ಅಪ್ಪನಿಗೆ ಉಗುರು ಕತ್ತರಿಸಲು ಕೂತಿದ್ದೆ. ಬಲಗೈಯ ಬೆರಳುಗಳ ಉಗುರಿನಡಿ ನೀಲಿ ಬಣ್ಣದ ಚೂರುಗಳು ಸಿಕ್ಕಿಕೊಂಡಿದ್ದವು. ಹಿಂದಿನ ಕೋಣೆಯ ಬಾಗಿಲಿನ ಬಣ್ಣ. ಒಂದೊಂದನ್ನಾಗಿ ಪಿನ್ನಿನಿಂದ ತೆಗೆದು ಕಾಗದದ ಮೇಲೆ ಹಾಕಿದೆ. ತಲೆಯೆತ್ತಿದಾಗ ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು.

"ನಳ ಬಂದಿತ್ತು," ಎಂದಳು. "ನೀರ್ ತುಂಬೋತನಕ, ಒಂದ್ ಗಳಿಗಿ."

"ನಾ ಏನೂ ಕೇಳಿಲ್ಲಬೇ," ಎಂದೆ.

ಅವಳು ಒಳಗೆ ಹೋದಳು. ನಾನು ಬಲಗೈ ಮುಗಿಸಿದೆ. ಹೇಳುವ ಮುಂಚೆಯೇ ಅಪ್ಪ ಎಡಗೈಯನ್ನು ತಾನೇ ಮುಂದೆ ಚಾಚಿ ಹಿಡಿದ.